ಎತ್ತಿಗೆ ಜ್ವರ, ಎಮ್ಮೆಗೆ ಬರೆ



ಈ ಪುಟದಲ್ಲಿ ನಾನು ಸಾಮಾನ್ಯವಾಗಿ ಹಳೆಯ ಶಾಲೆಯ ಕಥೆಗಳನ್ನು ಹೇಳಿಕೊಂಡು ಕಾಲ ಕಳೆಯುವವನು. ಇಂದು ಮಾತ್ರ ಜಗಳಕ್ಕೆ ನಿಂತಿದ್ದೇನೆ. ಜಗಳ ಹೊರಗಿನವರೊಡನೆಯಲ್ಲ; ನನ್ನಲ್ಲಿಯೇ ಬೀಜಗಣಿತ ಕಲಿತು, ಇಂದು ಗಣಕಯಂತ್ರಗಳ ಲೋಕದಲ್ಲಿ ದೊಡ್ಡ ಹುದ್ದೆಗಳಲ್ಲಿರುವ ನನ್ನ ಶಿಷ್ಯರೊಡನೆ. ಅವರು ನನ್ನ ಮೇಲಿನ ಪ್ರೀತಿಯಿಂದಲೇ ಸಲಹೆ ಕೊಟ್ಟರು. ಪ್ರೀತಿಯಿಂದ ಕೊಟ್ಟದ್ದೆಂಬ ಒಂದೇ ಕಾರಣಕ್ಕೆ ತಪ್ಪು ಉತ್ತರಕ್ಕೆ ಅಂಕ ಕೊಡುವ ಅಭ್ಯಾಸ ನನಗೆ ಅಂದೂ ಇರಲಿಲ್ಲ, ಇಂದೂ ಇಲ್ಲ.

ನಮ್ಮ ಮನೆಯ ನಡುಕೋಣೆಯ ಕಪಾಟಿನ ಪಕ್ಕದಲ್ಲಿ ಒಂದು ಸಣ್ಣ ಯಂತ್ರವಿರುವುದನ್ನು ಮನೆಗೆ ಬಂದವರೆಲ್ಲ ನೋಡಿದ್ದೀರಿ. ತಂಗಿಯ ಮಗ ಕೆಲವು ವರ್ಷಗಳ ಹಿಂದೆ ಜೋಡಿಸಿಕೊಟ್ಟದ್ದು. ಅದರೊಳಗೆ ಎರಡೆರಡು ಟೆರಾಬೈಟಿನ ನಾಲ್ಕು ಡಿಸ್ಕುಗಳಿವೆ. ನಾಲ್ಕನ್ನೂ ಲಿನಕ್ಸ್ ತಂತ್ರಾಂಶವೇ ಒಂದಾಗಿ ಹೆಣೆದು, ಯಾವುದಾದರೂ ಒಂದು ಸತ್ತರೂ ಉಳಿದ ಮೂರರಿಂದ ಸತ್ತದ್ದರ ವಿಷಯವನ್ನು ಲೆಕ್ಕ ಹಾಕಿ ತೆಗೆಯುವಂತೆ ಇಟ್ಟಿದೆ. ಇದಕ್ಕೆ ರೇಡ್ ಎಂದು ಹೆಸರು. 1988ರಲ್ಲಿ ಬರ್ಕ್‌ಲಿಯ ಪ್ಯಾಟರ್ಸನ್, ಗಿಬ್ಸನ್ ಮತ್ತು ಕ್ಯಾಟ್ಜ್ ಎಂಬ ಮೂವರು ಪ್ರಕಟಿಸಿದ ಪ್ರಬಂಧದಿಂದ ಪ್ರಸಿದ್ಧವಾದ ಹೆಸರು. ನಮ್ಮದು ಅದರ ಐದನೆಯ ಬಗೆ. ಈ ಹೆಣಿಗೆಯ ಮೇಲೆ ಗೂಢಲಿಪಿಯ ಬೀಗವೊಂದಿದೆ. ಗುಪ್ತಪದ ಕೊಡದೆ ಡಿಸ್ಕುಗಳನ್ನು ಕಿತ್ತುಕೊಂಡು ಹೋದವನಿಗೆ ಅರ್ಥವಿಲ್ಲದ ಅಂಕೆಗಳ ರಾಶಿಯಲ್ಲದೆ ಬೇರೇನೂ ಸಿಗದು.

ಅದರಲ್ಲಿ ಅಂಥದ್ದೇನಿದೆ ಎಂದು ಕೇಳುವವರಿಗೆ ಹೇಳುತ್ತೇನೆ. ಶಾಲೆಯ ವಾರ್ಷಿಕೋತ್ಸವಗಳ ಛಾಯಾಚಿತ್ರಗಳಿವೆ, ನಾಟಕಗಳ ಹಳೆಯ ವಿಡಿಯೋಗಳಿವೆ. ಅವನ್ನು ಯಾರು ನೋಡಿದರೂ ಸಂತೋಷವೇ. ಆದರೆ ನಿಮ್ಮಲ್ಲಿ ಅನೇಕರು ‘ಸಾರ್, ನಿಮ್ಮ ಹತ್ತಿರ ಒಂದು ಪ್ರತಿ ಇರಲಿ’ ಎಂದು ಒಪ್ಪಿಸಿದ ಅಂಕಪಟ್ಟಿಗಳು, ವರ್ಗಾವಣೆ ಪತ್ರಗಳು, ಜಾತಿ ಮತ್ತು ಆದಾಯದ ಪ್ರಮಾಣಪತ್ರಗಳೂ ಇವೆ. ಎಲ್ಲಕ್ಕಿಂತ ಮುಖ್ಯವಾಗಿ, ಮದುವೆಯಾಗಿ ದೂರದ ಊರುಗಳಿಗೆ ಹೋದ ಕೆಲವು ಹೆಣ್ಣುಮಕ್ಕಳು, ತವರಿನಲ್ಲಿಯೂ ಹೇಳಿಕೊಳ್ಳಲಾಗದ ಕಷ್ಟವನ್ನು ತಮ್ಮ ಮೇಷ್ಟ್ರಿಗೆ ಬರೆದ ಪತ್ರಗಳಿವೆ. ಕಾಗದಗಳು ಗೆದ್ದಲಿಗೆ ಸಿಕ್ಕಬಾರದೆಂದು ಅವುಗಳನ್ನೂ ಸ್ಕ್ಯಾನ್ ಮಾಡಿ ಇಟ್ಟಿದ್ದೇನೆ. ಅವನ್ನು ಇನ್ನೊಬ್ಬರಿಗೆ ತೋರಿಸುವುದಿಲ್ಲವೆಂದು ಮಾತು ಕೊಟ್ಟಿದ್ದೇನೆ. ಬೀಗ ಹಾಕಿಸಿದ್ದು ಆ ಮಾತಿಗಾಗಿ.

ಕಳೆದ ತಿಂಗಳ ಮೊದಲ ಭಾನುವಾರ ಬೆಳಿಗ್ಗೆ ಎಂಟರ ಸುಮಾರಿಗೆ ಒಂದು ಚಿತ್ರ ತೆರೆಯಲು ಹೋದರೆ ಯಂತ್ರ ಸ್ತಬ್ಧವಾಗಿತ್ತು. ಕೊಟ್ಟ ಆಜ್ಞೆಗೆ ನಿಮಿಷದ ಮೇಲೆ ಉತ್ತರ. ಲೋಡ್ ಎಷ್ಟಿದೆ ಎಂದು ಕೇಳಿದರೆ 14 ಎಂದಿತು. ನಮ್ಮ ಪ್ರೊಸೆಸರಿಗೆ ಇರುವುದು ನಾಲ್ಕೇ ತಲೆ. ಹಳೆಯ ವಿದ್ಯಾರ್ಥಿಗಳ ವಾಟ್ಸಾಪ್ ಗುಂಪಿನಲ್ಲಿ ಎರಡು ಸಾಲು ಬರೆದು, ಯಂತ್ರದ ಪಟ್ಟಿಯ ಚಿತ್ರವೊಂದನ್ನು ಹಾಕಿದೆ. ಕಾಫಿ ಆರುವುದರೊಳಗೆ ಮೂರು ಔಷಧಿಗಳು ಬಂದವು.

‘ಮಾವ, ಒಂದು ಸಲ ಆಫ್ ಮಾಡಿ ಆನ್ ಮಾಡಿ’ ಎಂದ ತಂಗಿಯ ಮಗ.

‘ಸಾರ್, ಆ ಎನ್‌ಕ್ರಿಪ್ಷನ್ ತೆಗೆದುಬಿಡಿ. ಪಟ್ಟಿಯಲ್ಲಿ ಅದರ ಹೆಸರೇ ಮೇಲಿದೆ ನೋಡಿ. ನಿಮ್ಮ ಊರಿನಲ್ಲಿ ಯಾರು ಸಾರ್ ಕದಿಯುತ್ತಾರೆ?’ ಎಂದ ಬೆಂಗಳೂರಿನ ಶಿಷ್ಯ.

‘ಹಳೆಯ ಯಂತ್ರ ಬಿಸಾಕಿ ಸಾರ್, ನಾವೆಲ್ಲ ಸೇರಿ ಹೊಸದು ಕೊಡಿಸುತ್ತೇವೆ’ ಎಂದಳು ಹೊರದೇಶದಲ್ಲಿರುವ ಶಿಷ್ಯೆ.

ಈ ಮೂವರಲ್ಲಿ ಒಬ್ಬರೂ ‘ಏನಾಗಿದೆ’ ಎಂದು ಕೇಳಲಿಲ್ಲ. ನನ್ನ ಜಗಳವಿರುವುದು ಇಲ್ಲಿಯೇ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆಯುವುದನ್ನು ನಮ್ಮ ಹಿರಿಯರು ಗಾದೆ ಮಾಡಿ ನಕ್ಕರು. ನಾವು ಅದನ್ನೇ ವೃತ್ತಿ ಮಾಡಿಕೊಂಡು ಸಂಬಳ ಎಣಿಸುತ್ತಿದ್ದೇವೆ. ಅದರಲ್ಲಿಯೂ ನಿಧಾನವಾದೊಡನೆ ಮೊದಲು ಬೀಗದ ಮೇಲೆ ಕಣ್ಣು ಹಾಕುವ ಈ ಚಾಳಿ ಅಪಾಯಕಾರಿಯಾದದ್ದು ಎಂಬುದೇ ನನ್ನ ವಾದ.

ವಾದಕ್ಕೆ ಮೊದಲು ಒಂದು ತಪ್ಪೊಪ್ಪಿಗೆ. ವೃತ್ತಿಗೆ ಸೇರಿದ ಹೊಸತರಲ್ಲಿ ನನ್ನ ತರಗತಿಯ ನೋಟ್‌ಪುಸ್ತಕಗಳು ದಿನವೂ ತಡವಾಗಿ ಬರುತ್ತಿದ್ದವು. ಪುಸ್ತಕಗಳನ್ನು ಒಟ್ಟುಮಾಡಿ ಮೇಜಿಗೆ ತರುವವನು ಲೀಡರ್. ಕಣ್ಣಿಗೆ ಬೀಳುವವನು ಅವನೊಬ್ಬನೇ ಆದ್ದರಿಂದ ಒಂದು ವಾರ ಅವನಿಗೇ ಬೆಂಚಿನ ಮೇಲೆ ನಿಲ್ಲುವ ಶಿಕ್ಷೆಯಾಯಿತು. ಆಮೇಲೆ ತಿಳಿಯಿತು: ಕೊನೆಯ ಬೆಂಚಿನ ಹುಡುಗನೊಬ್ಬನಿಗೆ ಕಪ್ಪುಹಲಗೆ ಕಾಣುತ್ತಿರಲಿಲ್ಲ, ಪಕ್ಕದವನ ಪುಸ್ತಕ ನೋಡಿ ಒಂದೊಂದೇ ಸಾಲು ಇಳಿಸಿಕೊಳ್ಳುತ್ತಿದ್ದ. ಅವನೊಬ್ಬ ಮುಗಿಸುವವರೆಗೆ ಲೀಡರ್ ಕಾಯುತ್ತಿದ್ದ. ದೂರು ಹೇಳಲು ಮನಸ್ಸಿಲ್ಲದೆ ಏಟು ತಿಂದ. ಆ ಲೀಡರ್ ಈ ಪುಟದ ಓದುಗ. ಅವನ ಕ್ಷಮೆಯನ್ನು ಇಷ್ಟು ವರ್ಷಗಳ ಮೇಲೆ ಇಲ್ಲಿ ಕೇಳುತ್ತಿದ್ದೇನೆ.

ಈಗ ಯಂತ್ರಕ್ಕೆ ಬರೋಣ. ಲೋಡ್ ಎಂದರೇನು? ಪ್ರೊಸೆಸರ್ ಎಷ್ಟು ದುಡಿಯುತ್ತಿದೆ ಎಂಬ ಲೆಕ್ಕವೆಂದು ಬಹುಮಂದಿ ನಂಬಿದ್ದಾರೆ. ಲಿನಕ್ಸಿನ ಮಟ್ಟಿಗೆ ಅದು ತಪ್ಪು. ಅದು ಸರದಿ ಸಾಲಿನ ಉದ್ದ. ಒಂದು, ಐದು ಮತ್ತು ಹದಿನೈದು ನಿಮಿಷಗಳ ಮೂರು ಸರಾಸರಿಗಳಲ್ಲಿ ಹೇಳುವ ಲೆಕ್ಕ. ಆ ಸಾಲಿನಲ್ಲಿ ಎರಡು ಬಗೆಯವರಿರುತ್ತಾರೆ. ಪ್ರೊಸೆಸರಿನ ಮೇಲೆ ಇರುವವರು ಮತ್ತು ಅದಕ್ಕಾಗಿ ಕಾಯುವವರು ಒಂದು ಬಗೆ. ಡಿಸ್ಕಿನಂಥ ಯಾವುದೋ ಕಡೆಯಿಂದ ಉತ್ತರ ಬರುವವರೆಗೆ ಅಲುಗಾಡದೆ ಮಲಗಿದವರು ಇನ್ನೊಂದು ಬಗೆ. 1993ರಲ್ಲಿ ಮಾಡಿದ ಒಂದು ತಿದ್ದುಪಡಿಯಿಂದ ಈ ಎರಡನೆಯವರೂ ಲಿನಕ್ಸಿನ ಎಣಿಕೆಗೆ ಸೇರಿದರು. ಇವರ ನಿದ್ರೆ ನಡುವೆ ತಡೆಯಲಾಗದ ನಿದ್ರೆ. ಕುಂಭಕರ್ಣನನ್ನಾದರೂ ಭೇರಿ ಬಾರಿಸಿ ಎಬ್ಬಿಸಬಹುದಿತ್ತು. ಇವರನ್ನು ಕೊಲ್ಲುವ ಆಜ್ಞೆ ಕೊಟ್ಟರೂ ಉತ್ತರ ಬರುವವರೆಗೆ ಏಳರು. ಆದ್ದರಿಂದ 14 ಎಂಬ ಅಂಕಿ ‘ಜ್ವರವಿದೆ’ ಎಂದು ಹೇಳೀತೇ ಹೊರತು ಯಾರಿಗೆ ಜ್ವರ ಎಂದು ಹೇಳದು. ಅದನ್ನು ಹುಡುಕುವುದು ವೈದ್ಯನ ಕೆಲಸ.

ಟಾಪ್ ಎಂಬ ಆಜ್ಞೆ ಕೊಟ್ಟು ನೋಡಿದೆ. ಪ್ರೊಸೆಸರ್ ಬಹುಪಾಲು ಸುಮ್ಮನೆ ಕುಳಿತಿತ್ತು, ಇಲ್ಲವೇ ಡಿಸ್ಕಿಗಾಗಿ ಕಾಯುತ್ತಿತ್ತು. ನಿಜವಾಗಿ ಲೆಕ್ಕ ಮಾಡುತ್ತಿದ್ದದ್ದು ನೂರಕ್ಕೆ ಎಂಟು ಪಾಲು ಸಮಯ ಮಾತ್ರ. ಬೀಗ ಹಾಕಿ ತೆಗೆಯುವುದು ಅಪ್ಪಟ ಲೆಕ್ಕದ ಕೆಲಸ. ಅಪರಾಧಿ ಅದಾಗಿದ್ದರೆ ಪ್ರೊಸೆಸರ್ ಬೆವರಬೇಕಿತ್ತು. ಬೆವರದ ಮೇಲೆ ಆ ಆರೋಪ ಮೊದಲ ವಿಚಾರಣೆಯಲ್ಲಿಯೇ ಬಿತ್ತು.

ಆದರೂ ಆರೋಪಿಗೆ ಪೂರ್ತಿ ನ್ಯಾಯ ಸಿಗಲೆಂದು ಅಳತೆ ಮಾಡಿದೆ. ನಮ್ಮ ಬೀಗದ ಲೆಕ್ಕ ಎಇಎಸ್ ಎಂಬುದು. ಬೆಲ್ಜಿಯಂ ದೇಶದ ಇಬ್ಬರು ವಿದ್ವಾಂಸರು ರಚಿಸಿದ್ದು, 2001ರಲ್ಲಿ ಅಮೆರಿಕದ ಸರ್ಕಾರಿ ಮಾನದಂಡವಾದದ್ದು. 2010ರಿಂದೀಚೆಗೆ ಈ ಲೆಕ್ಕಕ್ಕೆಂದೇ ಪ್ರತ್ಯೇಕ ಸೂಚನೆಗಳನ್ನು ಹೊಂದಿದ ಪ್ರೊಸೆಸರುಗಳು ಬಂದಿವೆ, ನಮ್ಮದೂ ಅಂಥದ್ದೇ. ಬೀಗದ ವೇಗ ಅಳೆಯುವ ಆಜ್ಞೆಯೊಂದು ವ್ಯವಸ್ಥೆಯಲ್ಲಿಯೇ ಇದೆ. ಸೆಕೆಂಡಿಗೆ 1,600 ಮೆಗಾಬೈಟ್ ಎಂಬ ಉತ್ತರ ಬಂತು. ನಮ್ಮ ಡಿಸ್ಕು ಒಂದೊಂದೂ ಚೆನ್ನಾಗಿದ್ದ ದಿನ ಕೊಡುವುದು 150. ನಾಲ್ಕನ್ನೂ ಸೇರಿಸಿದರೂ 600. ಸಾವಿರದಾರುನೂರು ಮಂದಿ ದಾಟಬಲ್ಲ ಬಾಗಿಲಿನಲ್ಲಿ ಆರುನೂರು ಮಂದಿಗೆ ನೂಕುನುಗ್ಗಲಾಗುವುದು ಹೇಗೆ? ಈ ಭಾಗಾಕಾರವನ್ನು ನಾನು ಎಂಟನೆಯ ತರಗತಿಯಲ್ಲಿ ಕಲಿಸಿದ್ದೆ.

ಹಾಗಾದರೆ ಕಾಯುತ್ತಿದ್ದವರ ಪಟ್ಟಿಯಲ್ಲಿ ಬೀಗದ ಹೆಸರು ಮೇಲೆ ಕಂಡದ್ದೇಕೆ? ಕಡತ ಬೇಕೆಂದವನಿಗೂ ಡಿಸ್ಕಿಗೂ ನಡುವೆ ನಿಂತವನು ಅವನೇ ಆದ್ದರಿಂದ. ಕೆಳಗಿನಿಂದ ಬಾರದ್ದನ್ನು ಅವನು ಮೇಲಕ್ಕೆ ಕೊಡುವುದು ಹೇಗೆ? ಮತ್ತೆ ಅದೇ ಲೀಡರ್, ಮತ್ತೆ ಅದೇ ಬೆಂಚು.

ನಿಜವಾದ ಕಾರಣ ಕೆಳಗಿನ ಅಂತಸ್ತಿನಲ್ಲಿತ್ತು. ಡಿಸ್ಕುಗಳ ಹೆಣಿಗೆಯ ಸ್ಥಿತಿಯನ್ನು ಕೇಳಿದಾಗ, ತಪಾಸಣೆ ನಡೆಯುತ್ತಿದೆ, ನೂರಕ್ಕೆ 31ರಷ್ಟು ಮುಗಿದಿದೆ ಎಂದಿತು. ನಮ್ಮದು ಡೆಬಿಯನ್ನಿನ ಹಳೆಯ ಏರ್ಪಾಡು. ತಿಂಗಳ ಮೊದಲ ಭಾನುವಾರ ರಾತ್ರಿ 12 ಗಂಟೆ 57 ನಿಮಿಷಕ್ಕೆ ಎಲ್ಲ ಡಿಸ್ಕುಗಳನ್ನೂ ಮೊದಲಿನಿಂದ ಕೊನೆಯವರೆಗೆ ಓದಿ, ಪರಸ್ಪರ ತಾಳೆ ನೋಡುವುದು ಅದರ ನಿಯಮ. ಗಮನಿಸಿ: ನಮ್ಮಲ್ಲಿ ಬೀಗವಿರುವುದು ಹೆಣಿಗೆಯ ಮೇಲೆ. ಈ ತಪಾಸಣೆ ಬೀಗದ ಕೆಳಗೇ ನಡೆದು ಮುಗಿಯುತ್ತದೆ. ಗೂಢಲಿಪಿಯನ್ನು ಬಿಡಿಸುವ ಗೊಡವೆಯೇ ಅದಕ್ಕಿಲ್ಲ. ಬೀಗ ತೆಗೆದರೂ ಅದು ಒಂದು ಕ್ಷಣ ಬೇಗ ಮುಗಿಯುತ್ತಿರಲಿಲ್ಲ.

ಇನ್ನು ಕಾಲದ ಲೆಕ್ಕ. ಎರಡು ಟೆರಾಬೈಟನ್ನು ಸೆಕೆಂಡಿಗೆ 150 ಮೆಗಾಬೈಟಿನಂತೆ ಓದಿದರೆ ಮೂರೂಮುಕ್ಕಾಲು ಗಂಟೆ. ಒಳಸುತ್ತುಗಳಲ್ಲಿ ವೇಗ ತಗ್ಗುವುದನ್ನು ಸೇರಿಸಿದರೂ ಬೆಳಗಾಗುವುದರೊಳಗೆ ಮುಗಿಯಬೇಕು. ಏಳು ಗಂಟೆಗಳಲ್ಲಿ ಮೂರನೆಯ ಒಂದು ಪಾಲೂ ಆಗಿಲ್ಲವೆಂದರೆ ನಾಲ್ವರಲ್ಲಿ ಯಾರೋ ಒಬ್ಬ ಕಾಲೆಳೆಯುತ್ತಿದ್ದಾನೆ ಎಂದರ್ಥ. ಐಓಸ್ಟ್ಯಾಟ್ ಎಂಬ ಆಜ್ಞೆ ಅವನನ್ನು ತೋರಿಸಿತು. ಮೂರು ಡಿಸ್ಕುಗಳು ಒಂದೊಂದು ಕೋರಿಕೆಗೆ 12ರಿಂದ 15 ಮಿಲಿಸೆಕೆಂಡುಗಳಲ್ಲಿ ಉತ್ತರಿಸುತ್ತಿದ್ದವು. ಮೂರನೆಯದು ತೆಗೆದುಕೊಳ್ಳುತ್ತಿದ್ದದ್ದು 1,900 ಮಿಲಿಸೆಕೆಂಡು! ಡಿಸ್ಕು ತನ್ನ ಆರೋಗ್ಯದ ಬಗ್ಗೆ ತಾನೇ ಬರೆದಿಡುವ ದಿನಚರಿಯನ್ನು ತೆಗೆಸಿದರೆ, ಓದಲಾಗದೆ ಬಾಕಿ ಉಳಿದ ತುಣುಕುಗಳು 56 ಎಂದಿತ್ತು. ಕೊನೆಯ ಬೆಂಚಿನ ಹುಡುಗ ಸಿಕ್ಕಿದ.

ಇಂಥ ಸಾಮಾನ್ಯ ಡಿಸ್ಕುಗಳ ಸ್ವಭಾವವೊಂದನ್ನು ತಿಳಿದಿರಬೇಕು. ಓದಲಾಗದ ಜಾಗ ಸಿಕ್ಕಿದರೆ ಅವು ಒಡನೆಯೇ ಸೋಲೊಪ್ಪುವುದಿಲ್ಲ. ಮತ್ತೆ ಮತ್ತೆ ಪ್ರಯತ್ನಿಸುತ್ತವೆ, ಕೆಲವೊಮ್ಮೆ ನಿಮಿಷದ ಮೇಲೆ. ಲಿನಕ್ಸ್ ಕಾಯುವುದು 30 ಸೆಕೆಂಡು. ಆಮೇಲೆ ಸಂಪರ್ಕವನ್ನೇ ಕಡಿದು ಹೊಸದಾಗಿ ಜೋಡಿಸಲು ಹೊರಡುತ್ತದೆ. ಈ ನಡುವೆ ಮೇಲಿರುವವರೆಲ್ಲ ನಿಂತಲ್ಲಿಯೇ ನಿಲ್ಲುತ್ತಾರೆ. ಹೆಣಿಗೆಗೆಂದೇ ತಯಾರಾದ ಡಿಸ್ಕುಗಳು ಏಳು ಸೆಕೆಂಡಿನಷ್ಟರಲ್ಲಿ ‘ನನ್ನಿಂದ ಆಗದು’ ಎಂದು ಪ್ರಾಮಾಣಿಕವಾಗಿ ಒಪ್ಪಿಕೊಳ್ಳುತ್ತವೆ. ಆಗ ಉಳಿದ ಮೂವರಿಂದ ಉತ್ತರವನ್ನು ಲೆಕ್ಕ ಹಾಕಿ, ಕೆಟ್ಟ ಜಾಗವನ್ನು ತಿದ್ದಿ ಬರೆಯುವುದು ಸಾಧ್ಯ. ಗೊತ್ತಿಲ್ಲವೆಂದು ಬೇಗ ಹೇಳುವುದೂ ಒಂದು ವಿದ್ಯೆಯೇ.

ಈಗ ಆ ಮೂರು ಔಷಧಿಗಳನ್ನು ಕುಡಿದಿದ್ದರೆ ಏನಾಗುತ್ತಿತ್ತು?

ಆಫ್ ಮಾಡಿ ಆನ್ ಮಾಡಿದ್ದರೆ: ನಿದ್ರಿಸುತ್ತಿರುವವರು ಏಳದ ಕಾರಣ ಯಂತ್ರ ಸಲೀಸಾಗಿ ಆರುತ್ತಿರಲಿಲ್ಲ, ಗುಂಡಿ ಒತ್ತಿ ಕತ್ತು ಹಿಸುಕಬೇಕಾಗುತ್ತಿತ್ತು. ಮತ್ತೆ ಎದ್ದಾಗ ತಪಾಸಣೆ ಅರ್ಧಕ್ಕೇ ನಿಂತು, ಲೋಡ್ ಇಳಿದು, ‘ಸರಿಹೋಯಿತು’ ಎಂದು ಎಲ್ಲರೂ ನಂಬುತ್ತಿದ್ದರು. ಕೆಟ್ಟ ತುಣುಕುಗಳು ಹಾಗೆಯೇ ಅಡಗಿರುತ್ತಿದ್ದವು. ಮುಂದೊಂದು ದಿನ ಬೇರೊಂದು ಡಿಸ್ಕು ಸತ್ತು, ಉಳಿದ ಮೂರರ ಪ್ರತಿಯೊಂದು ಅಕ್ಷರವೂ ಬೇಕಾದ ಗಳಿಗೆಯಲ್ಲಿ ಅವು ಪ್ರತ್ಯಕ್ಷವಾಗುತ್ತಿದ್ದವು. ಐದನೆಯ ಬಗೆಯ ಹೆಣಿಗೆ ಒಬ್ಬನ ಸೋಲನ್ನು ತಡೆದೀತು, ಇಬ್ಬರದನ್ನಲ್ಲ.

ಹೊಸ ಯಂತ್ರ ಕೊಂಡು ಹಳೆಯ ಡಿಸ್ಕುಗಳನ್ನೇ ಅದಕ್ಕೆ ಜೋಡಿಸಿದ್ದರೆ: ರೋಗಿಯನ್ನು ಒಳ್ಳೆಯ ಮಂಚಕ್ಕೆ ವರ್ಗಾಯಿಸಿದಂತಾಗುತ್ತಿತ್ತು. ಕೊಡಿಸಲು ಮುಂದಾದ ಮಗಳೇ, ನಿನ್ನ ಔದಾರ್ಯಕ್ಕೆ ನಮಸ್ಕಾರ. ಆ ಹಣವನ್ನು ನಮ್ಮ ಶಾಲೆಯ ಗ್ರಂಥಾಲಯಕ್ಕೆ ಕೊಡು.

ಬೀಗ ತೆಗೆದಿದ್ದರೆ? ಬೀಗ ತೆಗೆಯುವುದೆಂದರೆ ಇರುವುದನ್ನೆಲ್ಲ ಓದಿ ಮತ್ತೆ ಬರೆಯುವುದು. ಸಾಯುತ್ತಿರುವ ಡಿಸ್ಕಿನ ಮೇಲೆ ಅಷ್ಟು ಹೊರೆ ಹೊರಿಸುವುದು ಮೊದಲನೆಯ ಅನಾಹುತ. ಎರಡನೆಯದು ಅದಕ್ಕಿಂತ ದೊಡ್ಡದು, ಈ ಲೇಖನ ಬರೆಯಲು ಅದೇ ಕಾರಣ.

ಕೆಟ್ಟ ಡಿಸ್ಕಿಗೆ ವಾರಂಟಿ ಇನ್ನೂ ಇತ್ತು. ಹೊಸದು ಬೇಕಾದರೆ ಹಳೆಯದನ್ನು ಒಪ್ಪಿಸಲೇಬೇಕು. ಅಂಗಡಿಯ ಮೇಜಿನ ಮೇಲಿಟ್ಟು ಬಂದ ಮೇಲೆ ಅದು ಯಾರ ಕೈಗೆ, ಯಾವ ಊರಿಗೆ, ಯಾವ ಗುಜರಿಗೆ ಹೋಗುತ್ತದೆಂದು ಬಲ್ಲವರಾರು? ಅಳಿಸಿ ಕೊಡಬಹುದಲ್ಲ ಎನ್ನುವಿರಿ. ಕೆಟ್ಟ ಡಿಸ್ಕನ್ನು ಪೂರ್ತಿ ಅಳಿಸಲಾಗದು. ಅದು ಮಾತು ಕೇಳುವುದಿಲ್ಲವೆಂದೇ ಕೆಟ್ಟದ್ದೆನ್ನುತ್ತೇವೆ. ನಾಲ್ಕರಲ್ಲಿ ಒಂದು ಡಿಸ್ಕು ಸಿಕ್ಕಿದರೆ ಏನು ಓದಲಾದೀತು ಎಂದು ಇನ್ನೊಬ್ಬ ಶಿಷ್ಯ ವಾದಿಸಿದ. ಓದಲಾಗುತ್ತದೆ, ಮಗು. ಈ ಹೆಣಿಗೆಯಲ್ಲಿ ವಿಷಯವನ್ನು ಡಿಸ್ಕುಗಳಿಗೆ ಹಂಚುವುದು ಸಾಮಾನ್ಯವಾಗಿ 512 ಕಿಲೋಬೈಟಿನ ತುಂಡುಗಳಲ್ಲಿ. ಸ್ಕ್ಯಾನ್ ಮಾಡಿದ ಒಂದು ಪುಟದ ಪತ್ರ ಅದಕ್ಕಿಂತ ಚಿಕ್ಕದು. ಒಂದೇ ಡಿಸ್ಕಿನಲ್ಲಿ ಇಡಿಯಾಗಿ ಕುಳಿತಿರುವ ಪತ್ರಗಳು ಎಷ್ಟೋ ಇರುತ್ತವೆ. ಬೀಗವಿಲ್ಲದಿದ್ದರೆ ಆ ಹೆಣ್ಣುಮಕ್ಕಳ ಕಣ್ಣೀರು ಗುರುತಿಲ್ಲದವನ ಮೇಜಿನ ಮೇಲೆ ತೆರೆದುಕೊಳ್ಳುತ್ತಿತ್ತು. ಬೀಗವಿದ್ದದ್ದರಿಂದ ನಾನು ಆ ಡಿಸ್ಕನ್ನು ಮೇಜಿನ ಮೇಲಿಟ್ಟು, ರಸೀದಿ ಪಡೆದು, ನಿಶ್ಚಿಂತೆಯಿಂದ ಬಸ್ಸು ಹತ್ತಿದೆ. ತೆಗೆದುಬಿಡಿ ಎಂದು ನೀವು ಹೇಳಿದ ಬೀಗವೇ ಅಂದು ನನ್ನ ಮಾನವನ್ನೂ ಅವರ ಮಾನವನ್ನೂ ಉಳಿಸಿತು.

‘ನಿಮ್ಮ ಊರಿನಲ್ಲಿ ಯಾರು ಕದಿಯುತ್ತಾರೆ’ ಎಂಬ ಪ್ರಶ್ನೆಗೆ ಇದೇ ಉತ್ತರ. ಕಳ್ಳ ಬರಬೇಕಾಗಿಯೇ ಇಲ್ಲ. ನಾವೇ ಒಯ್ದು ಕೊಟ್ಟು ಬರುತ್ತೇವೆ. ಹಳ್ಳಿಯವನಿಗೆ ಗುಟ್ಟೇಕೆ, ಮುದುಕನಿಗೆ ಗುಟ್ಟೇಕೆ ಎಂಬ ತಾತ್ಸಾರವೂ ಆ ಪ್ರಶ್ನೆಯಲ್ಲಿದೆ. ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು ಎಂಬತ್ತು ದಾಟಿದ ವಯಸ್ಸಿನಲ್ಲಿ, 2012ರಲ್ಲಿ ಸುಪ್ರೀಂ ಕೋರ್ಟಿನ ಮೆಟ್ಟಿಲೇರಿದರು. ಖಾಸಗಿತನವು ಸಂವಿಧಾನ ಕೊಟ್ಟ ಮೂಲಭೂತ ಹಕ್ಕೆಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಒಮ್ಮತದಿಂದ ತೀರ್ಪಿತ್ತದ್ದು ಆ ಮೊಕದ್ದಮೆಯಲ್ಲಿಯೇ. ಆ ಹಿರಿಯರು ಅಷ್ಟು ದೂರ ನಡೆದು ತಂದುಕೊಟ್ಟದ್ದನ್ನು ನಾವು ಒಂದು ಭಾನುವಾರದ ಬೇಸರಕ್ಕೆ ಬಿಟ್ಟುಕೊಡುವುದೇ?

ಬೀಗಕ್ಕೆ ಎಂದೂ ತಪ್ಪಿಲ್ಲವೆಂದು ನಾನು ಹೇಳುವುದಿಲ್ಲ. ಎಇಎಸ್ ಸೂಚನೆಗಳಿಲ್ಲದ ಪ್ರೊಸೆಸರಿನಲ್ಲಿ ಅದು ನಿಜವಾಗಿಯೂ ಹೊರೆ. ಬಹಳ ವೇಗದ ಎಸ್‌ಎಸ್‌ಡಿಗಳ ಮೇಲೆ ಈ ಬೀಗದ ಒಳಗಿನ ಸರದಿ ಸಾಲುಗಳೇ ತಡಮಾಡುತ್ತವೆಂದು ಕ್ಲೌಡ್‌ಫ್ಲೇರ್ ಸಂಸ್ಥೆಯ ಎಂಜಿನಿಯರರು 2020ರಲ್ಲಿ ಅಳತೆ ಮಾಡಿ ತೋರಿಸಿದರು. ಆದರೆ ಅವರು ಮಾಡಿದ್ದೇನು? ಬೀಗ ಕಿತ್ತೆಸೆಯಲಿಲ್ಲ, ಬೇಡದ ಸಾಲುಗಳನ್ನು ದಾಟಿಹೋಗುವ ದಾರಿ ಬರೆದರು, ಅದೇ ವರ್ಷ ಅದು ಲಿನಕ್ಸಿನ 5.9ನೆಯ ಆವೃತ್ತಿಗೆ ಸೇರಿತು. ನಾನು ಕೇಳುವುದು ಆ ಶಿಸ್ತನ್ನೇ: ಮೊದಲು ಅಳೆಯಿರಿ, ಆಮೇಲೆ ಆರೋಪಿಸಿ, ಆಮೇಲೆ ದುರಸ್ತಿ ಮಾಡಿ.

ನಾನು ಮಾಡಿದ್ದನ್ನೂ ಹೇಳಿ ಮುಗಿಸುತ್ತೇನೆ. ಮೊದಲು ತಪಾಸಣೆಯನ್ನು ನಿಲ್ಲಿಸಿದೆ. ಅದಕ್ಕೆ ಒಂದೇ ಆಜ್ಞೆ ಸಾಕು. ಲೋಡ್ ಇಳಿಯಿತು. ಇಳಿದ ಮಾತ್ರಕ್ಕೆ ಎದ್ದು ಹೋಗದೆ, ಪತ್ರಗಳನ್ನೂ ದಾಖಲೆಗಳನ್ನೂ ಬೀಗವಿರುವ ಇನ್ನೊಂದು ಹೊರ ಡಿಸ್ಕಿಗೆ ನಕಲಿಸಿದೆ. ಹೆಣಿಗೆ ನಕಲಿಗೆ ಬದಲಿಯಲ್ಲ. ಇದ್ದುದನ್ನು ಕೈತಪ್ಪಿ ಅಳಿಸಿದರೆ ಅದು ನಾಲ್ಕೂ ಕಡೆಯಿಂದ ಅಷ್ಟೇ ನಿಷ್ಠೆಯಿಂದ ಅಳಿಸುತ್ತದೆ. ಆಮೇಲೆ ಹೊಸ ಡಿಸ್ಕು ಕೊಂಡು, ಕೆಟ್ಟದ್ದನ್ನು ಕೀಳದೆ, ಪಕ್ಕದಲ್ಲಿಯೇ ಜೋಡಿಸಿ, ಇದರ ಜಾಗಕ್ಕೆ ಅದನ್ನು ತಾ ಎಂದು ಆಜ್ಞೆ ಕೊಟ್ಟೆ. ಹಳೆಯದು ಓದಲಾದಷ್ಟನ್ನು ಕೊಟ್ಟಿತು. ಕೊಡಲಾಗದ್ದನ್ನು ಉಳಿದ ಮೂರು ತುಂಬಿದವು. ಬೀಗದ ತಲೆಬರಹದ ಪ್ರತಿಯೊಂದನ್ನೂ ಗುಪ್ತಪದ ಬರೆದ ಲಕೋಟೆಯನ್ನೂ ಬ್ಯಾಂಕಿನ ಲಾಕರಿನಲ್ಲಿಟ್ಟೆ. ಕೀಲಿ ಕಳೆದರೆ ಬೀಗ ಯಜಮಾನನನ್ನೂ ಒಳಗೆ ಬಿಡದು. ಈ ತಿಂಗಳ ಮೊದಲ ಭಾನುವಾರ ತಪಾಸಣೆ ಬೆಳಗಾಗುವ ಮೊದಲೇ ಮುಗಿದಿತ್ತು. ಬೀಗ ಅಲ್ಲಿಯೇ ಇದೆ.

ಶಿಷ್ಯರೇ, ನಿಮ್ಮ ಕೈಯಲ್ಲಿ ಇಂದು ನನ್ನದಕ್ಕಿಂತ ಸಾವಿರಪಾಲು ದೊಡ್ಡ ಯಂತ್ರಗಳಿವೆ. ಆಸ್ಪತ್ರೆಗಳ, ಬ್ಯಾಂಕುಗಳ, ಲಕ್ಷಾಂತರ ಜನರ ಗುಟ್ಟುಗಳು ಅವುಗಳಲ್ಲಿವೆ. ಯಾವುದೋ ಒಂದು ರಾತ್ರಿ ಲೋಡ್ ಏರಿ, ಮೇಲಧಿಕಾರಿ ಕೂಗಾಡುತ್ತಿರುವಾಗ, ‘ಆ ಎನ್‌ಕ್ರಿಪ್ಷನ್ ತೆಗೆದುಬಿಡಿ’ ಎಂಬ ಮಾತು ನಿಮ್ಮ ಬಾಯಿಗೆ ಬಂದೀತು. ಆಗ ಬೆಂಚಿನ ಮೇಲೆ ನಿಂತ ಆ ಹುಡುಗನನ್ನು ನೆನೆಯಿರಿ. ಕೊನೆಯ ಬೆಂಚಿನವರೆಗೆ ಒಮ್ಮೆ ನಡೆದು ಹೋಗಿ ನೋಡಿ ಬನ್ನಿ.



ಇತಿ ನಿಮ್ಮ,
ಮೇಷ್ಟ್ರು